ಧರ್ಮವನ್ನೇ ಪದವಿಯ ವಿಷಯವಾಗಿ ಓದಬಹುದೇ?

ಪ್ರಶ್ನೆ: ಪಿಯುಸಿ ಮುಗಿಸಿದ ಮಗಳು ಪದವಿಯಲ್ಲಿ ಧರ್ಮದ ಅಧ್ಯಯನವನ್ನೇ ಮುಖ್ಯ ವಿಷಯವಾಗಿ ಓದುವೆನೆನ್ನುತ್ತಾಳೆ. ಇದು ವೇದಪಾಠಶಾಲೆಯ ಓದಿಗಿಂತ ಹೇಗೆ ಭಿನ್ನ? ಮುಂದೆ ಉದ್ಯೋಗ ಸಿಕ್ಕೀತೇ?
– ಒಬ್ಬ ತಂದೆ, ಶಿರಸಿ

ಉತ್ತರ: ಪಾಠಶಾಲೆಯು ಆಚರಣೆಯನ್ನು ಕಲಿಸಿದರೆ, ವಿಶ್ವವಿದ್ಯಾಲಯವು ಆ ಆಚರಣೆ ಎಲ್ಲಿಂದ ಬಂತು, ಯಾರನ್ನು ಒಳಗೊಂಡಿತು, ಯಾರನ್ನು ಹೊರಗಿಟ್ಟಿತು ಎಂದು ವಿಚಾರಿಸುತ್ತದೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಸಂವಿಧಾನದ 28ನೇ ವಿಧಿಯು ನಿಷೇಧಿಸುವುದು ಧಾರ್ಮಿಕ ಬೋಧನೆಯನ್ನೇ ಹೊರತು ಧರ್ಮಗಳ ಕುರಿತ ಅಧ್ಯಯನವನ್ನಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮೂರಿನ ಸಮೀಪದ ಸೋಂದೆಯನ್ನೇ ನೋಡಿ: ಅದ್ವೈತದ ಸ್ವರ್ಣವಲ್ಲಿ ಮಠ, ವಾದಿರಾಜರ ಮಾಧ್ವ ಮಠ, ಜೈನ ಮಠ ಇವು ಮೂರೂ ಅಲ್ಲೇ ಏಕೆ ನೆಲೆಗೊಂಡವು ಎಂಬುದನ್ನು ಅರಿಯಲು (ನನಗಂತೂ ಬಹಳ ಪ್ರಿಯವಾದ ಪ್ರಶ್ನೆಯಿದು) ಶಾಸನ, ಸಂಸ್ಕೃತ, ಸೋದೆ ಅರಸರ ಇತಿಹಾಸ ಎಲ್ಲವೂ ಬೇಕಾಗುತ್ತವೆ.

ಪದವಿ ಹಂತದಲ್ಲಿ ಈ ವಿಷಯ ನಮ್ಮಲ್ಲಿ ವಿರಳ. ಈಗ ಇತಿಹಾಸ, ಸಮಾಜಶಾಸ್ತ್ರ, ಸಂಸ್ಕೃತಗಳನ್ನು ಓದಿ, ಬಳಿಕ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ವಿಭಾಗವನ್ನೋ ಶಾಂತಿನಿಕೇತನದ ವಿಶ್ವಭಾರತಿಯ ತೌಲನಿಕ ಧರ್ಮದ ವಿಭಾಗವನ್ನೋ ಸೇರುವುದು ಲೇಸು. ಈ ಪದವಿಗೆಂದೇ ಮೀಸಲಾದ ಹುದ್ದೆಗಳು ಕಡಿಮೆ. ಬೋಧನೆ, ಪತ್ರಿಕೋದ್ಯಮ, ವಸ್ತುಸಂಗ್ರಹಾಲಯಗಳ ಕಡೆಗೆ ದಾರಿಯಿದೆ, ಆದರೆ ಅದು ಹೆದ್ದಾರಿಯಲ್ಲವೆಂಬುದನ್ನು ಮಗಳಿಗೆ ಈಗಲೇ ತಿಳಿಸಿ.