ಔಷಧಿ ಹೊಡೆದರೂ ಟೊಮೆಟೊ ಗಿಡಕ್ಕೆ ಬಿಳಿನೊಣ ಮತ್ತೆ ಯಾಕೆ ಬರುತ್ತದೆ?

ಮಣಿಪಾಲದಲ್ಲಿ ತಾರಸಿ ಮೇಲೆ ಸಣ್ಣ ಪಾಲಿಹೌಸ್. ಟೊಮೆಟೊ ಗಿಡ ಮುಟ್ಟಿದರೆ ಬಿಳಿ ಹುಡಿ ಹಾರಿದ ಹಾಗೆ ಆಗುತ್ತದೆ, ಎರಡು ಸಲ ಔಷಧಿ ಹೊಡೆದರೂ ವಾರದಲ್ಲಿ ಮತ್ತೆ ಹಾಜರ್, ಪಕ್ಕದ ತೆಂಗಿನ ಮರದಿಂದ ಬಂದದ್ದಾ ಅಂತ ಕೇಳಿದ್ದೀರಿ.

ತೆಂಗಿನದ್ದು ಆಗಿರಲಿಕ್ಕಿಲ್ಲ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕರಾವಳಿಗೂ ಬಂದ ತೆಂಗಿನ ಸುರುಳಿ ಬಿಳಿನೊಣ ಗಾತ್ರದಲ್ಲಿ ದೊಡ್ಡದು, ಸ್ವಲ್ಪ ಸೋಮಾರಿ. ಎಲೆಯಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ ಬಿಟ್ಟು ಮೊಟ್ಟೆ ಇಡುತ್ತದೆ. ಟೊಮೆಟೊ, ಬೆಂಡೆ, ಬದನೆಯಲ್ಲಿ ಇಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಮಿಲಿಮೀಟರ್ ಆಸುಪಾಸಿನ, ಬೆಮಿಸಿಯಾ ಎಂಬ ಬೇರೆ ಜಾತಿಯ ಬಿಳಿನೊಣ. ಕೂತಾಗ ರೆಕ್ಕೆ ಹಂಚಿನ ಮಾಡಿನ ಹಾಗೆ ಎರಡೂ ಕಡೆ ಇಳಿಜಾರು.

ಹಾರುವುದನ್ನು ಬಿಡಿ, ಕೆಳಗಿನ ಹಳೇ ಎಲೆ ಮಗುಚಿ ನೋಡಿ. ಅಲುಗಾಡದ, ತೆಳು ಹಳದಿ ಹುರುಪೆಯಂಥ ಚುಕ್ಕೆ ಕಾಣುತ್ತವಲ್ಲ, ಅವೇ ಮರಿಗಳು. ರಸ ಹೀರಿ ಅಂಟು ಸುರಿಸುವುದು, ಅದರ ಮೇಲೆ ಕಪ್ಪು ಮಸಿ ಕೂರುವುದು ಎಲ್ಲ ಇವುಗಳಿಂದಲೇ ಜಾಸ್ತಿ. ಮೊಟ್ಟೆಯಿಂದ ನೊಣವಾಗಲು ನಮ್ಮ ಸೆಕೆಗೆ ಸುಮಾರು ಮೂರು ವಾರ. ನೀವು ಕೊಂದದ್ದು ಹಾರುವವನ್ನು ಮಾತ್ರ, ಎಲೆಯಡಿಯ ಮೊಟ್ಟೆ, ಮರಿಗಳಿಗೆ ಹೆಚ್ಚೇನೂ ಆಗಿಲ್ಲ. ನಾನೂ ಮೊದಲ ವರ್ಷ ಮಟಮಟ ಮಧ್ಯಾಹ್ನ, ಮೇಲಿಂದ ಮೇಲೆ ಔಷಧಿ ಹೊಡೆದವನೇ. ಎಲೆ ಸುಟ್ಟಿತು, ನೊಣ ಆರಾಮಾಗಿತ್ತು!

ಈಗ ನಾನು ಮಾಡುವುದು ಇಷ್ಟು. ಮರಿ ತುಂಬಿದ ಎಲೆ ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಡುತ್ತೇನೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ. ಎಣ್ಣೆಯನ್ನು ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಚೆನ್ನಾಗಿ ಕದಡಬೇಕು, ಇಲ್ಲದಿದ್ದರೆ ಸುಮ್ನೆ ತೇಲುತ್ತದೆ. ಮೊದಲ ಸಲ ಎರಡು ಎಲೆಗೆ ಹಾಕಿ ಒಂದು ದಿನ ಕಾಯಿರಿ. ಸಂಜೆ ಹೊತ್ತು, ಸ್ಪ್ರೇಯರ್ ಮೂತಿ ಮೇಲ್ಮುಖ ಮಾಡಿ ಎಲೆಯ ಅಡಿ ಒದ್ದೆಯಾಗುವಂತೆ ಹೊಡೆಯಿರಿ. ಐದಾರು ದಿನಕ್ಕೊಮ್ಮೆ, ನಾಲ್ಕು ಸಲ. ಎರಡನೇ ಸಲಕ್ಕೆ ಕಡಿಮೆಯಾಯಿತು ಅಂತ ನಿಲ್ಲಿಸಿದರೆ ಕತೆ ಮೊದಲಿಂದ.

ಹಳದಿ ಅಂಟು ಕಾರ್ಡು ಗಿಡದ ತುದಿಯ ಎತ್ತರಕ್ಕೆ ನೇತುಹಾಕಿ. ಅದೊಂದೇ ಸಾಕು ಅನ್ನುವವರಿದ್ದಾರೆ, ನನಗೆ ನಂಬಿಕೆಯಿಲ್ಲ. ಹೆಚ್ಚಾಯಿತಾ ಕಡಿಮೆಯಾಯಿತಾ ಅಂತ ತಿಳಿಯಲು ಒಳ್ಳೆಯದು.

ಇನ್ನೊಂದು ವಿಷಯ. ಎಲೆಯಡಿ ಉಳಿದ ಮರಿಯ ಖಾಲಿ ಚಿಪ್ಪನ್ನು ಲೆನ್ಸಿನಲ್ಲಿ ನೋಡಿ. ಟಿ ಅಕ್ಷರದ ಹಾಗೆ ಸೀಳಿದ್ದರೆ ಹೊರಬಂದದ್ದು ಬಿಳಿನೊಣ. ದುಂಡು ತೂತಿದ್ದರೆ ಅದನ್ನು ಒಳಗಿಂದ ತಿಂದು ಬಂದ ಪುಟ್ಟ ಕಣಜ. ದುಂಡು ತೂತು ಜಾಸ್ತಿ ಕಂಡರೆ ಔಷಧಿ ಬಾಟಲಿ ಒಳಗಿಡಿ.

ಶೇಡ್ ನೆಟ್ ಇವನ್ನು ತಡೆಯುವುದಿಲ್ಲ. 40 ಅಥವಾ 50 ಮೆಶ್‌ನ, ಅಂದರೆ ಇಂಚಿಗೆ ಅಷ್ಟು ಕಣ್ಣಿರುವ ಕೀಟ ಬಲೆ ಬೇಕು. ಆದರೆ ಒಳಗೆ ಗಾಳಿ ಕಮ್ಮಿಯಾಗಿ ಏಪ್ರಿಲ್‌ನಲ್ಲಿ ಗಿಡ ಬಾಡುತ್ತದೆ, ಅದನ್ನೂ ನೋಡಿಕೊಳ್ಳಿ.

ಯಾವುದಾದರೂ ಗಿಡದ ತುದಿ ಎಲೆ ಮುದುಡಿ ಸಣ್ಣದಾಗಿದ್ದರೆ ಅದು ನೊಣ ತಂದ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಕೀಳಲೇಬೇಕು. ಕೀಳುವ ಮೊದಲು ಗಿಡಕ್ಕೆ ದೊಡ್ಡ ಚೀಲ ಕವುಚಿ. ಇಲ್ಲದಿದ್ದರೆ ಅಲ್ಲಿದ್ದ ನೊಣವೆಲ್ಲ ಎದ್ದು ಪಕ್ಕದ ಗಿಡದಲ್ಲಿ ಕೂರುತ್ತವೆ.