ಕಲಾವಿದರು ಮತ್ತು ಲಾಭರಹಿತ ಕಲಾಸಂಸ್ಥೆಗಳು ಮೊದಲು ಕಲಿಯಬೇಕಾದ ಕಾನೂನು ಯಾವುದು?

ಹಕ್ಕುಸ್ವಾಮ್ಯ ಮತ್ತು ಕರಾರು, ಉಳಿದದ್ದು ಆಮೇಲೆ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಕೃತಿಯ ರಕ್ಷಣೆಗೆ ನೋಂದಣಿಯ ಷರತ್ತಿಲ್ಲ. ಸಾಮಾನ್ಯವಾಗಿ ರಚಿಸಿದವರ ಜೀವಿತಾವಧಿ ಮತ್ತು ಆನಂತರ ಕನಿಷ್ಠ 50 ವರ್ಷ ಅದು ಉಳಿಯುತ್ತದೆ. ಚಿತ್ರವನ್ನು ಮಾರಿದರೂ, ಬರೆದುಕೊಡದ ಹೊರತು, ಅದನ್ನು ಮುದ್ರಿಸುವ ಹಕ್ಕು ಬಹುತೇಕ ಕಡೆ ಕಲಾವಿದರದೇ. ಇದು ತಿಳಿಯದೆ ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ವರ್ಗಾಯಿಸಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಗೊತ್ತುಪಡಿಸಿದ ಬಳಕೆಗೆ, ಗೊತ್ತುಪಡಿಸಿದ ಅವಧಿಗೆ ಪರವಾನಗಿ ಕೊಟ್ಟರೆ ಸಾಕಾಗುವ ಸಂದರ್ಭಗಳೇ ಹೆಚ್ಚು. ಮೊದಲು ಅದನ್ನೇ ಕೇಳಿ.

ಲಾಭರಹಿತ ಸಂಸ್ಥೆಗಳಲ್ಲಿ ಮಿಕ್ಕ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಆದರೆ ಕಲಾವಿದರಿಗೆ ನ್ಯಾಯವಾದ ಸಂಭಾವನೆ ಕೊಡಬಹುದು, ಕೊಡಲೇಬೇಕು. ಆಡಳಿತ ಮಂಡಳಿಯ ಸದಸ್ಯರೊಬ್ಬರ ನಂಟರಿಗೆ ಕೆಲಸ ವಹಿಸುವುದಾದರೆ, ಆ ನಂಟನ್ನು ನಡಾವಳಿಯಲ್ಲಿ ದಾಖಲಿಸಿ, ಆ ಸದಸ್ಯರು ಆ ತೀರ್ಮಾನದಿಂದ ಹೊರಗುಳಿಯಬೇಕು.