ಲೂಲೆ ನದಿಯ ಐಸ್ ಮೇಲೆ ಕಾಲಿಡುವ ಮುಂಚೆ

ತಮ್ಮಾ, ಉತ್ತರ ಸ್ವೀಡನ್ನಿನ ಬೋಡೆನ್‌ನಲ್ಲಿ ಮನೆ ಸಿಕ್ಕಿತು ಅಂತ ಕೇಳಿ ಖುಷಿಯಾಯ್ತು. ಅಕ್ಕಿ, ಬೇಳೆ ಇಲ್ಲೇ ಸಿಗುತ್ತವೆ, ಮನೆಯ ಸಾರಿನ ಪುಡಿ ಮಾತ್ರ ಮರೀದೆ ತಾ. ನದಿಯಲ್ಲಿ ಮೀನು ಹಿಡಿಯಲು ಆ ಭಾಗದ ಪರವಾನಗಿ ಚೀಟಿ ಕೊಳ್ಳಬೇಕು, ಇಲ್ಲಿಯವರು ಫಿಸ್ಕೆಕೂರ್ಟ್ ಅಂತಾರೆ. ಸಾಲ್ಮನ್ ಸಿಕ್ಕರೆ ಬೆನ್ನಿನ ಮೇಲೆ ಬಾಲದ ಹತ್ತಿರದ ಪುಟ್ಟ ರೆಕ್ಕೆ ನೋಡು. ಅದನ್ನು ಕತ್ತರಿಸಿದ್ದರೆ ಸಾಕಿ ಬಿಟ್ಟ ಮೀನು. ಅಣೆಕಟ್ಟುಗಳು ಅದರ ಹಾದಿ ಮುಚ್ಚಿದ್ದಕ್ಕೆ ವಿದ್ಯುತ್ ಕಂಪನಿ ಪ್ರತಿವರ್ಷ ಮರಿ ಬಿಡಬೇಕು.

"ಚಳಿಗಾಲದಲ್ಲಿ ನಡೆದೇ ನದಿ ದಾಟಬಹುದಾ?" ಅಂದೆಯಲ್ಲ, ಬಂದ ಹೊಸತರಲ್ಲಿ ನಾನೂ ಅದನ್ನೇ ಕೇಳಿದ್ದೆ. ಬೇಡ. ಜನ ನಿಶ್ಚಿಂತೆಯಿಂದ ನಡೆಯುವುದು ನದಿ ಸಮುದ್ರ ಸೇರುವ ಲೂಲಿಯೊ ಊರಿನ ಕೊಲ್ಲಿಯಲ್ಲಿ, ಹಿಮ ತೆಗೆದು ಮಾಡಿದ ದಾರಿಯ ಮೇಲೆ. ನದಿಯ ಮಾತೇ ಬೇರೆ. 1915ರ ಪೊರ್ಯುಸ್ ಸೇರಿ ಇದರ ಮೇಲೆ 15 ವಿದ್ಯುದಾಗಾರಗಳಿವೆ, ಹರಿವಿನಲ್ಲಿ ಕೊನೆಯದು ನಿನ್ನ ಬೋಡೆನ್‌ನದು.

ಲಿಂಗನಮಕ್ಕಿ ಹಿನ್ನೀರು ಇಳಿದಾಗ ದಂಡೆ ಹೇಗೆ ಬರಿದಾಗುತ್ತೆ ಅಂತ ನಿನಗೆ ಗೊತ್ತು. ಇಲ್ಲೂ ಕರೆಂಟಿನ ಬೇಡಿಕೆ ಏರಿದಾಗ ಟರ್ಬೈನಿಗೆ ನೀರು ಬಿಡ್ತಾರೆ. ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಇಳಿದರೆ ದಂಡೆಯ ಐಸ್ ಆಸರೆಯಿಲ್ಲದೆ ಚಪ್ಪರದ ಹಾಗೆ ನಿಂತಿರುತ್ತೆ, ಬಿರುಕು ಬಿಡುತ್ತೆ. ಕೆಳಭಾಗದಲ್ಲಿ ಸೆಳೆತ ಐಸನ್ನು ಅಡಿಯಿಂದ ಕೊರೆಯುತ್ತೆ. ಮೇಲೆ ಹಿಮದ ಹೊದಿಕೆ ಇದ್ದರೆ ಎರಡೂ ಕಾಣುವುದಿಲ್ಲ. ಹೊರಗೆ ಮೈನಸ್ 25 ಇದೆ ಅಂತ ನಂಬಬೇಡ, ಆ ಹಿಮವೇ ಕಂಬಳಿಯಾಗಿ ಐಸ್ ದಪ್ಪವಾಗದಂತೆ ತಡೆಯುತ್ತೆ.

ನಿಂತ ನೀರಿನ ಮೇಲೆ ನಡೆಯಲು ಗಟ್ಟಿ, ಪಾರದರ್ಶಕ ಐಸ್ 10 ಸೆಂ.ಮೀ. ಬೇಕು. ಬಿಳಿಚಿದ ಹಿಮ-ಐಸ್‌ಗೆ ಅಷ್ಟು ಬಲವಿಲ್ಲ. ಕಬ್ಬಿಣದ ಮೊನೆಯ ಕೋಲಿನಿಂದ ಮುಂದೆ ಕುಟ್ಟುತ್ತಾ ಹೋಗು, ಮೊನೆ ತೂರಿತೋ, ಬಂದ ಹೆಜ್ಜೆಯಲ್ಲೇ ಹಿಂದಿರುಗು. ಒಬ್ಬನೇ ಹೋಗಲೇಬೇಡ. ಬ್ಯಾಗಿನಲ್ಲಿ ಒಣ ಬಟ್ಟೆಯನ್ನು ನೀರು ಹೋಗದಂತೆ ಕಟ್ಟಿಡು, ಫೋನನ್ನೂ ಹಾಗೇ.

ಬಿದ್ದರೆ ಬಂದ ಕಡೆಗೇ ತಿರುಗು, ಅಲ್ಲಿಯ ಐಸ್ ನಿನ್ನ ಭಾರ ಹೊತ್ತಿತ್ತು. ಎರಡೂ ಕೈಯಲ್ಲಿ ಹಿಡಿಕೆಯಿರುವ ಚೂಪು ಮೊನೆಯ ಜೋಡಿ ಸಾಧನ, ಇಸ್‌ಡುಬ್ಬರ್ ಹಿಡಿದು, ಅದರ ಮೊನೆ ಐಸ್‌ಗೆ ಚುಚ್ಚಿ, ಕಾಲು ಬಡಿಯುತ್ತಾ ಮೈ ಮೇಲಕ್ಕೆ ಎಳೆದುಕೋ. ಏಳಬೇಡ, ಉರುಳುತ್ತಾ ದೂರ ಸರಿ. ಆಮೇಲೆ 112.

ಹೊಳೆಯ ಪಕ್ಕ ಬೆಳೆದವರಿಗೆ ದಂಡೆಯಲ್ಲೇ ನಿಂತು ನೋಡುವುದು ಎಷ್ಟು ಕಷ್ಟ ಅಂತ ಗೊತ್ತಪ್ಪ. ಆದರೂ ಬಂದ ವಾರವೇ ಒಂದು ಜೊತೆ ಇಸ್‌ಡುಬ್ಬರ್ ಕೊಳ್ಳು. ಜಾಕೆಟ್ಟಿನ ಒಳಗಲ್ಲ, ಹೊರಗೆ, ಕತ್ತಿನ ಹತ್ತಿರವೇ ನೇತು ಹಾಕಿಕೋ. ಒದ್ದೆ ಕೈಗವಸಿನಲ್ಲಿ ಜಿಪ್ ಎಳೆಯಲು ಆಗುವುದಿಲ್ಲ.